ಸಹಾಯ ಬೇಕು: ಮೊದಲನೆಯದು ಸಿಸೇರಿಯನ್, ಎರಡನೆಯದು ಸಹಜ ಹೆರಿಗೆ ಆಗಬಹುದೇ?

ಎಲ್ಲರಿಗೂ ನಮಸ್ಕಾರ. ರೋಣದಿಂದ ಬರೆಯುತ್ತಿದ್ದೇನೆ. ನನ್ನ ತಂಗಿ ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಈಗ 36ನೇ ವಾರ. 2021ರಲ್ಲಿ ಮಗುವಿನ ತಲೆ ಮೇಲಿದ್ದುದರಿಂದ ಸಿಸೇರಿಯನ್ ಮಾಡಿದ್ದರು. ಈ ಸಲ ತಲೆ ಕೆಳಗಿದೆ, ರಕ್ತದೊತ್ತಡ, ಸಕ್ಕರೆ ಎಲ್ಲ ಸರಿಯಾಗಿದೆ. ಸಹಜ ಹೆರಿಗೆಯೇ ಆಗಲಿ ಎಂಬುದು ಅವಳ ಆಸೆ, ನನ್ನದೂ ಕೂಡ.

ಒಬ್ಬ ವೈದ್ಯೆ, "ಹಿಂದಿನ ಕಾರಣ ಈಗಿಲ್ಲ, ಪ್ರಯತ್ನಿಸಬಹುದು. ಆದರೆ ಗರ್ಭಕೋಶದ ಹಳೆಯ ಹೊಲಿಗೆ ಬಿಡುವ ಅಪಾಯ ಸ್ವಲ್ಪ ಇರುತ್ತದೆ. ಹಗಲು ರಾತ್ರಿ ಶಸ್ತ್ರಚಿಕಿತ್ಸೆಗೆ ಸಿದ್ಧರಿರುವ, ರಕ್ತ ಸಿಗುವ ಆಸ್ಪತ್ರೆಯೇ ಬೇಕು" ಎಂದರು. ಇನ್ನೊಬ್ಬರು ಆಪರೇಷನ್‌ಗೆ ದಿನಾಂಕವನ್ನೇ ಕೊಟ್ಟುಬಿಟ್ಟರು. ಇಬ್ಬರೂ ಕೇಳಿದ್ದು ಒಂದೇ: ಗರ್ಭಕೋಶವನ್ನು ಅಡ್ಡ ಕೊಯ್ದಿದ್ದರೋ, ಉದ್ದ ಕೊಯ್ದಿದ್ದರೋ?

ಹೊಟ್ಟೆಯ ಮೇಲಿನ ಗಾಯದ ಗುರುತು ಅಡ್ಡವಾಗಿದೆ. ಆದರೆ ಅದನ್ನು ನೋಡಿ ಒಳಗಿನ ಕೊಯ್ತ ಹೇಗಿದೆ ಎಂದು ಹೇಳಲಾಗದಂತೆ. ಹಳೆಯ ಡಿಸ್ಚಾರ್ಜ್ ಚೀಟಿಯಲ್ಲಿ 'ಸಿಸೇರಿಯನ್, ಗಂಡು ಮಗು, 2.9 ಕೆ.ಜಿ.' ಎಂದಷ್ಟೇ ಇದೆ. ತಾಯಿ ಕಾರ್ಡ್‌ನಲ್ಲೂ ವಿವರವಿಲ್ಲ. ಆಪರೇಷನ್ ಮಾಡಿದ ನರ್ಸಿಂಗ್ ಹೋಮ್ ಮುಚ್ಚಿದೆ.

ಕೊಯ್ತದ ದಾಖಲೆ ಇಲ್ಲದಿದ್ದರೂ ಗದಗ ಅಥವಾ ಹುಬ್ಬಳ್ಳಿಯಲ್ಲಿ ನಿಮ್ಮ ಮನೆಯ ಯಾರಿಗಾದರೂ ಸಹಜ ಹೆರಿಗೆಗೆ ಅವಕಾಶ ಕೊಟ್ಟಿದ್ದಾರೆಯೇ? ಯಾವ ಆಸ್ಪತ್ರೆಯಲ್ಲಿ? ಪ್ರಸೂತಿ ತಜ್ಞರು ಯಾರಾದರೂ ಇದ್ದರೆ, ಇಂಥ ಸಂದರ್ಭದಲ್ಲಿ ನೀವು ಯಾವುದರ ಆಧಾರದ ಮೇಲೆ ನಿರ್ಧರಿಸುತ್ತೀರಿ, ದಯವಿಟ್ಟು ತಿಳಿಸಿ.