ಕೆಲಸ ಬಿಟ್ಟು ಎಐ ನೀತಿಶಾಸ್ತ್ರ ಓದಲಾ? ಪಿನ್‌ಕೋಡ್ ವಿಷಯ ತಲೆ ಬಿಡುತ್ತಿಲ್ಲ

ಹಾಸನದವಳು:
ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿ ಬೆಂಗಳೂರಲ್ಲಿ ಮೂರು ವರ್ಷದಿಂದ ಕೆಲಸದಲ್ಲಿದ್ದೇನೆ. ಯಾರಿಗೆ ಸಣ್ಣ ಸಾಲ ಕೊಡಬಹುದು ಎಂದು ಅಂಕ ಹಾಕುವ ಮಾಡೆಲ್ (ಹಳೆಯ ಡೇಟಾದಿಂದ ಕಲಿತು ಊಹಿಸುವ ಪ್ರೋಗ್ರಾಂ) ನಮ್ಮ ತಂಡದ್ದು. ಒಂದು ದಿನ ಸುಮ್ನೆ, ತಿರಸ್ಕಾರವಾದ ಅರ್ಜಿಗಳನ್ನು ಪಿನ್‌ಕೋಡ್ ಪ್ರಕಾರ ಜೋಡಿಸಿ ನೋಡಿದೆ. ನಮ್ಮ ಅಜ್ಜಿ ಊರಿನದ್ದೂ ಇತ್ತು. ಅಲ್ಲಿಂದ ಬಂದ ಅರ್ಜಿ ಹೆಚ್ಚು ಕಡಿಮೆ ಎಲ್ಲವೂ ತಿರಸ್ಕಾರ. ಬೇರೆ ಕಡೆಯ ಸಾಲ ಸರಿಯಾಗಿ ತೀರಿಸಿದವರದ್ದೂ ಸೇರಿ.

ಪಿನ್‌ಕೋಡ್ ಕಾಲಂ ತೆಗೆದು ಮಾಡೆಲನ್ನು ಮತ್ತೆ ಟ್ರೈನ್ ಮಾಡಿದೆ. ಜಾಸ್ತಿ ಏನೂ ಬದಲಾಗಲಿಲ್ಲ. ಫೋನಿನ ಬೆಲೆ, ರೀಚಾರ್ಜ್ ಮೊತ್ತ, ಇವುಗಳಿಂದಲೇ ಅದು ಊರನ್ನು ಊಹಿಸಿಕೊಳ್ಳುತ್ತಿತ್ತು. ಮ್ಯಾನೇಜರ್ ಹತ್ತಿರ ಹೋದರೆ, "ಆಕ್ಯುರೆಸಿ ಚೆನ್ನಾಗಿದೆಯಲ್ಲ" ಎಂದರು. ಇದು ತಪ್ಪು ಅಂತ ನನಗೆ ಗೊತ್ತು. ಯಾಕೆ ತಪ್ಪು ಅಂತ ಅವರು ಒಪ್ಪುವ ಹಾಗೆ ಹೇಳಲು ಬರಲಿಲ್ಲ. ಅದನ್ನು ಕಲಿಯಬೇಕು. ಎಲ್ಲಿ ಓದಲಿ? "ಅದನ್ನು ಓದಿದರೆ ಏನು ಕೆಲಸ ಸಿಗುತ್ತಮ್ಮ?" ಅಂತ ಅಪ್ಪ ಕೇಳುತ್ತಿದ್ದಾರೆ.

ಲಾ ಓದಿದವನು:
ಕಾನೂನು ಕೂಡ ಓದಿ ಮೇಡಂ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತಲ್ವಾ, ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆದರೂ ನಮ್ಮ 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಒಂದು ದೊಡ್ಡ ಕೊರತೆ ಇದೆ. ಯಂತ್ರವೊಂದೇ ತೀರ್ಮಾನಿಸಿದರೆ ಅದನ್ನು ಪ್ರಶ್ನಿಸುವ ಹಕ್ಕು ಯೂರೋಪಿನ ಡೇಟಾ ಸಂರಕ್ಷಣಾ ಕಾನೂನಾದ ಜಿಡಿಪಿಆರ್‌ನಲ್ಲಿದೆ, ಇಲ್ಲಿ ಇಲ್ಲ.

ಬ್ರಿಟನ್ನಿನಿಂದ:
ನಾನು ಇದೇ ವಿಷಯ ಓದಿದವಳು. ಎಡಿನ್‌ಬರೋದಲ್ಲಿ ಒಂದು ವರ್ಷದ ಎಂ.ಎಸ್‌ಸಿ. ಇದೆ. ಕೇಂಬ್ರಿಜ್‌ನದ್ದು ಎರಡು ವರ್ಷದ ಪಾರ್ಟ್ ಟೈಮ್, ಕೆಲಸ ಬಿಡಬೇಕಿಲ್ಲ. ಹಣ ಹಾಕುವ ಮೊದಲು ಇದೇ ವಿಷಯದ ಮೇಲೆ ಹೆಲ್ಸಿಂಕಿ ವಿಶ್ವವಿದ್ಯಾಲಯದ ಉಚಿತ ಆನ್‌ಲೈನ್ ಕೋರ್ಸ್ ಮಾಡಿ ನೋಡಿ.

ಓದುವಾಗ ನನ್ನನ್ನು ಬದಲಾಯಿಸಿದ್ದು ಕಂಪಾಸ್ ಪ್ರಕರಣ. ಆರೋಪಿ ಮತ್ತೆ ಅಪರಾಧ ಮಾಡುತ್ತಾನಾ ಎಂದು ಅಮೆರಿಕದ ಕೋರ್ಟುಗಳಿಗೆ ಅಂಕ ಕೊಡುವ ಸಾಫ್ಟ್‌ವೇರ್ ಅದು. 2016ರಲ್ಲಿ ಪ್ರೊಪಬ್ಲಿಕಾ ಪತ್ರಕರ್ತರು ಫ್ಲಾರಿಡಾದ ಒಂದು ಕೌಂಟಿಯ ದಾಖಲೆ ತೆಗೆದು ನೋಡಿದರು. ಮತ್ತೆ ಅಪರಾಧ ಮಾಡದವರಲ್ಲಿ ಕಪ್ಪು ಜನರ ಪೈಕಿ ಶೇ. 45ರಷ್ಟು ಮಂದಿಗೆ 'ಅಪಾಯ' ಎಂಬ ಹಣೆಪಟ್ಟಿ ಸಿಕ್ಕಿತ್ತು, ಬಿಳಿಯರ ಪೈಕಿ ಶೇ. 23ರಷ್ಟು ಮಂದಿಗೆ. ಒಂದೇ ಅಂಕ ಬಂದವರಲ್ಲಿ ಎರಡೂ ಗುಂಪು ಸಮವಾಗಿಯೇ ಅಪರಾಧ ಮಾಡುತ್ತವೆ ಎಂದು ಆ ಸಾಫ್ಟ್‌ವೇರ್ ಮಾಡಿದ ಕಂಪನಿ ವಾದಿಸಿತು. ಎರಡು ಗುಂಪುಗಳಲ್ಲಿ ಮತ್ತೆ ಅಪರಾಧ ಮಾಡುವವರ ಒಟ್ಟು ಪ್ರಮಾಣವೇ ಬೇರೆ ಬೇರೆ ಇದ್ದಾಗ ಈ ಎರಡು ಬಗೆಯ ನ್ಯಾಯ ಒಟ್ಟಿಗೆ ಸಾಧ್ಯವಿಲ್ಲ, ಗಣಿತವೇ ಬಿಡುವುದಿಲ್ಲ. ಯಾವುದು ಬೇಕು ಅಂತ ಮನುಷ್ಯರೇ ಆರಿಸಬೇಕು.

ನಿಮ್ಮ ಮ್ಯಾನೇಜರ್‌ಗೆ ಒಂದೇ ಪ್ರಶ್ನೆ ಕೇಳಿ. ಸಾಲ ಸಿಗದವರು ತೀರಿಸುತ್ತಿದ್ದರೋ ಇಲ್ಲವೋ ಅಂತ ನಿಮ್ಮ ಡೇಟಾದಲ್ಲಿ ಎಲ್ಲಿದೆ? ಸಾಲ ಸಿಕ್ಕವರ ಮೇಲೆ ಮಾತ್ರ ಅಳೆದ ಆಕ್ಯುರೆಸಿ ಅದು.

ಹಾಸನದವಳು:
ಅಕ್ಕಾ, ಇದನ್ನು ಎರಡು ಸಲ ಓದಿದೆ. ಮೂರು ವರ್ಷದಿಂದ ಆ ಟೇಬಲ್ ನೋಡುತ್ತಿದ್ದರೂ ಹೊಳೆದಿರಲಿಲ್ಲ. ಅಜ್ಜಿ ಊರಿನ ಪಿನ್‌ಕೋಡಿನಿಂದ 50 ಜನಕ್ಕೆ ಪ್ರಯೋಗಕ್ಕಾಗಿ ಐದೈದು ಸಾವಿರ ಸಾಲ ಕೊಟ್ಟು ನೋಡೋಣ ಎಂದು ಸೋಮವಾರ ಬರೆದು ಕೇಳುತ್ತೇನೆ. ಹೆಲ್ಸಿಂಕಿ ಕೋರ್ಸ್‌ಗೆ ಇವತ್ತೇ ಸೇರಿದೆ.