ಸಹಾಯ ಬೇಕು: ಮೀಥೈಲ್ ಮರ್ಕಾಪ್ಟಾನ್‌ನ ಕೆ=0, ಕೆ=1 ರೇಖೆಗಳು ಒಂದೇ ಫಿಟ್‌ನಲ್ಲಿ ಕೂರ್ತಿಲ್ಲ

ನಮ್ಮ ಗೆಲಾಕ್ಸಿ ಕೇಂದ್ರದ ಹತ್ತಿರದ ಜಿ+0.693 ಅನ್ನೋ ಅನಿಲ ಮೋಡದ ರೇಡಿಯೋ ಸ್ಪೆಕ್ಟ್ರಂ. ಅದರಲ್ಲಿರೋ ಮೀಥೈಲ್ ಮರ್ಕಾಪ್ಟಾನ್ (ಗಂಧಕ ಇರೋ ಅಣು) ರೇಖೆಗಳ ಮಾತು ಇದು; ಕೆ ಅಂದ್ರೆ ಅಣು ತನ್ನ ಉದ್ದದ ಅಕ್ಷದ ಸುತ್ತ ಎಷ್ಟು ತಿರುಗುತ್ತೆ ಅಂತ ಹೇಳೋ ಕ್ವಾಂಟಂ ಸಂಖ್ಯೆ. ನಿಜವಾಗಿ ಬೇಕಿರೋದು ಈಥೈಲ್ ಮರ್ಕಾಪ್ಟಾನ್ (ನಮ್ಮ ಗ್ಯಾಸ್ ಸಿಲಿಂಡರಿಗೆ ವಾಸನೆಗಂತ ಬೆರೆಸೋದು ಇದನ್ನೇ), ಆದ್ರೆ ಅದರ ಜೊತೆ ಹೋಲಿಸೋಕೆ ಮೊದಲು ಮೀಥೈಲ್‌ನ ಲೆಕ್ಕ ಸರಿಹೋಗ್ಬೇಕು.

ರೇಖೆಗಳ ಅಗಲ ವೇಗದ ಲೆಕ್ಕದಲ್ಲಿ ಸೆಕೆಂಡಿಗೆ 20 ಕಿ.ಮೀ., ಅಂದ್ರೆ 101 ಗಿಗಾಹರ್ಟ್ಸ್‌ನಲ್ಲಿ ಸುಮಾರು 7 ಮೆಗಾಹರ್ಟ್ಸ್. ಹಾಗಾಗಿ ಕೆ=0ರ ಎ ಮತ್ತು ಇ ರೇಖೆಗಳು (ಮೀಥೈಲ್ ಗುಂಪಿನ ಒಳತಿರುಗುವಿಕೆಯಿಂದ ಆಗೋ ಎರಡು ಬಗೆ; 101.14, 101.17 ಗಿಗಾಹರ್ಟ್ಸ್) ನೀಟಾಗಿ ಬೇರೆಬೇರೆ ಕಾಣ್ತವೆ. ಎಲ್‌ಟಿಇ (ಎಲ್ಲ ಮಟ್ಟಗಳಿಗೂ ಒಂದೇ ತಾಪ ಅಂತ ಹಿಡಿಯೋ) ಫಿಟ್‌ನಲ್ಲಿ 8.5 ಕೆಲ್ವಿನ್ ಇಟ್ರೆ ಇವೆರಡೂ ಸರಿಯಾಗಿ ಕೂರುತ್ತವೆ. ತಕರಾರು ಕೆ=1ರದ್ದು: ಮಾಡೆಲ್ ಮೂರನೇ ಒಂದು ಪಾಲು ಕಡಿಮೆ ತೋರಿಸುತ್ತೆ. ತಾಪ 15ಕ್ಕೆ ಏರಿಸಿದ್ರೆ ಕೆ=1 ಹತ್ತಿರ ಬರುತ್ತೆ, ಆದ್ರೆ 151.7 ಗಿಗಾಹರ್ಟ್ಸ್ ಹತ್ತಿರದ 6–5 (ತಿರುಗುವಿಕೆಯ ಮಟ್ಟ 6ರಿಂದ 5ಕ್ಕೆ ಇಳಿಯುವಾಗ ಬರೋ) ರೇಖೆಗಳು ಡೇಟಾಗಿಂತ ಮೇಲೆ ಹೋಗ್ಬಿಡ್ತವೆ. ಬೇಸ್‌ಲೈನ್ (ಹಿನ್ನೆಲೆ ಮಟ್ಟ) ಮತ್ತೆ ತೆಗೆದೆ, ಬೇರೆ ಅಣುಗಳ ರೇಖೆ ಬೆರೆತಿದ್ಯಾ (ಬ್ಲೆಂಡ್) ಅಂತ ನೋಡಿದೆ, ಅದಲ್ಲ.

ಸಾಂದ್ರತೆ ಕಮ್ಮಿ ಇರೋದ್ರಿಂದ ಒಂದೇ ಕೆ ಏಣಿಯೊಳಗೆ (ಒಂದೇ ಕೆ ಇರೋ ಮಟ್ಟಗಳ ಸಾಲು) ತಾಪ ತಣ್ಣಗೆ, ಏಣಿ-ಏಣಿಗಳ ನಡುವೆ ಮಾತ್ರ ಅನಿಲದ ನಿಜ ತಾಪಕ್ಕೆ ಹತ್ತಿರ, ಇದು ಗೊತ್ತು. ಅದಕ್ಕೇ ಕೆ=0, ಕೆ=1 ಬೇರೆ ಬೇರೆ ಫಿಟ್ ಮಾಡಿದೆ; ಎರಡೂ ಚೆನ್ನಾಗಿ ಬಂದವು.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ: ಎರಡೂ ಫಿಟ್‌ಗೆ ಸಾಫ್ಟ್‌ವೇರ್ ಬಳಸಿದ್ದು ಕ್ಯಾಟಲಾಗ್‌ನ ಇಡೀ ಪಾರ್ಟಿಷನ್ ಫಂಕ್ಷನ್ (ಆ ತಾಪದಲ್ಲಿ ಅಣುಗಳು ಎಲ್ಲ ಮಟ್ಟಗಳಲ್ಲಿ ಹೇಗೆ ಹಂಚಿರುತ್ತವೆ ಅನ್ನೋದರ ಮೊತ್ತ). ಹಾಗಿದ್ಮೇಲೆ ಎರಡು ಕಾಲಂ ಡೆನ್ಸಿಟಿ (ನೋಟದ ದಾರಿಯಲ್ಲಿ ಪ್ರತಿ ಚದರ ಸೆಂ.ಮೀ.ಗೆ ಇರೋ ಅಣುಗಳ ಸಂಖ್ಯೆ) ಕೂಡಿಸಿದ್ರೆ ಡಬಲ್ ಲೆಕ್ಕ ಆಗಲ್ವಾ? ಪ್ರತಿ ಏಣಿಗೂ ಅದರದ್ದೇ ಮಟ್ಟಗಳ ಮೊತ್ತ ಹಾಕಿ ಪಾರ್ಟಿಷನ್ ಫಂಕ್ಷನ್ ಮಾಡ್ಕೊಂಡು ಆಮೇಲೆ ಕೂಡಿಸಬೇಕಾ, ಅಥವಾ ಡಿಕ್ಕಿ ದರ ಹಾಕಿ ನಾನ್-ಎಲ್‌ಟಿಇ ಮಾಡೋದೇ ಸರಿನಾ?