ಇಂಗ್ಲೆಂಡಿನ ಹಳ್ಳಿಯ ಪಬ್: ಕನ್ನಡದಲ್ಲಿ ಏನೆಂದು ಕರೆಯೋಣ?

ಮಾನ್ಯರೆ,

ಇಂಗ್ಲೆಂಡಿನ ಡರ್ಬಿಶೈರಿನಲ್ಲಿರುವ ಈಡೇಲ್ ಎಂಬ ಹಳ್ಳಿಯ ಕುರಿತು ಪ್ರವಾಸ ಲೇಖನವೊಂದನ್ನು ಬರೆಯುತ್ತಿದ್ದೇನೆ. 1965ರಲ್ಲಿ ತೆರೆದ, 268 ಮೈಲಿ ಉದ್ದದ ಪೆನ್ನೈನ್ ವೇ ಕಾಲುದಾರಿ ಆರಂಭವಾಗುವುದು ಆ ಹಳ್ಳಿಯ ‘ಓಲ್ಡ್ ನ್ಯಾಗ್ಸ್ ಹೆಡ್’ ಎಂಬ ಪಬ್ಬಿನ ಬಳಿಯಿಂದ. ಪಕ್ಕದ, 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಬೆಟ್ಟವನ್ನು ಹತ್ತಿಳಿದು ದಣಿದವರು ಇಂಥ ಕಡೆ ಕುಳಿತು, ಹುರಿದ ಮಾಂಸ, ಆಲೂಗೆಡ್ಡೆ, ಯಾರ್ಕ್‌ಷೈರ್ ಪುಡಿಂಗ್ ಎಂಬ ಸಿಹಿಯಲ್ಲದ ಹಿಟ್ಟಿನ ತಿನಿಸುಗಳ ಭಾನುವಾರದ ಊಟವನ್ನು ಉಂಡು, ಒಂದು ಪೈಂಟ್, ಎಂದರೆ 568 ಮಿಲಿಲೀಟರ್ ಬಿಯರನ್ನು ಗುಡ್ಡಗಳತ್ತ ನೋಡುತ್ತ ನಿಧಾನವಾಗಿ ಕುಡಿಯುತ್ತಾರೆ. ಈ ತಾಣವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬುದೇ ನನ್ನ ಪ್ರಶ್ನೆ.

‘ಪಬ್’ ಎಂದೇ ಬರೆಯಬಹುದಲ್ಲ ಎನ್ನುವವರಿದ್ದಾರೆ. ಆದರೆ ಬೆಂಗಳೂರಿನಲ್ಲಿ ಬೇರೂರಿರುವ ಈ ಪದ ನಮ್ಮ ಓದುಗರ ಮನಸ್ಸಿಗೆ ತರುವುದು ಮಬ್ಬು ಬೆಳಕನ್ನು, ಕಿವಿಗಡಚಿಕ್ಕುವ ಸಂಗೀತವನ್ನು, ವಾರಾಂತ್ಯದ ನೂಕುನುಗ್ಗಲನ್ನು. ಮೂಲದಲ್ಲಿ ಅದು ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪ. ಎಲ್ಲರಿಗೂ ಬಾಗಿಲು ತೆರೆದ ಮನೆ ಎಂದರ್ಥ. ಅಜ್ಜ, ಮೊಮ್ಮಕ್ಕಳು, ಎಷ್ಟೋ ಕಡೆ ಸಾಕುನಾಯಿಯೂ ಸೇರಿ ಒಂದೇ ಮೇಜಿನ ಸುತ್ತ ಕೂರುವ ಜಾಗವದು.

‘ಹೆಂಡದಂಗಡಿ’ಯಾಗಲಿ ಕರಾವಳಿಯ ‘ಗಡಂಗು’ ಆಗಲಿ ಊಟವನ್ನೂ ನೋಟವನ್ನೂ ಹೊರಗಿಡುತ್ತವೆ. ಉತ್ತರ ಕರ್ನಾಟಕದ ‘ಖಾನಾವಳಿ’ ಊಟವನ್ನು ಉಳಿಸಿಕೊಂಡು ಕುಡಿತವನ್ನು ಬಿಡುತ್ತದೆ. ‘ಪಾನಗೃಹ’ ಅರ್ಥಕ್ಕೆ ಹತ್ತಿರವಿದ್ದರೂ ಹಳೆಯ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಬರುವ ಮಧುಪಾನವನ್ನು ನೆನಪಿಸುವಷ್ಟು ಗಂಭೀರವಾದುದು. ಕೆಸರು ಮೆತ್ತಿದ ಬೂಟಿನವರು ಅದರೊಳಗೆ ಕಾಲಿಡಲು ಹಿಂಜರಿಯುತ್ತಾರೆ ಎನ್ನಿಸುತ್ತದೆ. ‘ಅರವಟಿಗೆ’ ಎಂಬ ಚೆಲುವಾದ ಪದದಲ್ಲಿ ದಾರಿಯೂ ಇದೆ, ದಣಿವೂ ಇದೆ, ಆದರೆ ನಮ್ಮ ಹಿರಿಯರು ಧರ್ಮಾರ್ಥವಾಗಿ ನೀರು, ಮಜ್ಜಿಗೆ ಕೊಡುತ್ತಿದ್ದ ತಾಣದ ಹೆಸರನ್ನು ದುಡ್ಡು ಪಡೆದು ಬಿಯರ್ ಮಾರುವ ಮನೆಗೆ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಸದ್ಯಕ್ಕೆ ‘ಊರಪಬ್ಬು’ ಎಂದು ಬರೆದುಕೊಂಡಿದ್ದೇನೆ. ಊರಬಾವಿ, ಊರಬಾಗಿಲುಗಳ ಸಾಲಿನಲ್ಲಿ ಅದು ನಿಲ್ಲಬಲ್ಲದು, ಮತ್ತು ಆ ಪಬ್ಬು ಊರಿನವರೆಲ್ಲರದೂ ಹೌದು ಎಂಬ ಭಾವವನ್ನೂ ಕೊಡುತ್ತದೆ.

ಇದಕ್ಕಿಂತ ಹೆಚ್ಚು ಕಾಡುತ್ತಿರುವ ಪದ ‘ಬಾರ್’. ಇಂಗ್ಲಿಷಿನಲ್ಲಿ ಅದು ಪಬ್ಬಿನ ಒಳಗಿನ ಉದ್ದನೆಯ ಕಟ್ಟೆಯ ಹೆಸರು. ಗಿರಾಕಿಗಳು ಅದರ ಮುಂದೆ ನಿಂತು ತಮಗೆ ಬೇಕಾದುದನ್ನು ಹೇಳುತ್ತಾರೆ. ಆ ಕಟ್ಟೆಯ ಹೆಸರೇ ಕೋಣೆಗೂ ಅಂಗಡಿಗೂ ಹಬ್ಬಿತು. ನಮ್ಮಲ್ಲಿಗೆ ಬಂದದ್ದು ಅಂಗಡಿ ಎಂಬ ಅರ್ಥ ಮಾತ್ರವಾದುದರಿಂದ ‘ಪಬ್ಬಿನ ಬಾರಿಗೆ ಹೋಗಿ ಹಣ ಕೊಟ್ಟೆವು’ ಎಂದು ಬರೆದರೆ ಎರಡು ಅಂಗಡಿಗಳಿದ್ದಂತೆ ತೋರುತ್ತದೆ. ಇಲ್ಲಿ ‘ಕಟ್ಟೆ’ ಎಂದರೆ ಸಾಕೇ, ಅಥವಾ ‘ಗಲ್ಲಾ’ ಎನ್ನಬೇಕೇ? ಗಲ್ಲಾ ಎಂದರೆ ಹಣದ ಪೆಟ್ಟಿಗೆಯಷ್ಟೇ ಕಣ್ಣಿಗೆ ಬರುತ್ತದೆ ಎಂಬುದು ನನ್ನ ಅನುಮಾನ. ಪಬ್ ನಡೆಸುವ ‘ಲ್ಯಾಂಡ್‌ಲಾರ್ಡ್’ ಜಮೀನ್ದಾರನೂ ಅಲ್ಲ, ಬಾಡಿಗೆ ವಸೂಲಿ ಮಾಡುವ ಮನೆ ಮಾಲೀಕನೂ ಅಲ್ಲ. ಅವನನ್ನು ‘ಯಜಮಾನ’ ಎಂದಿದ್ದೇನೆ. ಹೊರಗೆ ಬಯಲಿನಲ್ಲಿ ಕುಳಿತು ಕುಡಿಯುವ ಜಾಗವಾದ ‘ಬಿಯರ್ ಗಾರ್ಡನ್’ ಎಂಬುದಕ್ಕೆ, ಅದು ಪಬ್ಬಿನ ಹಿಂಭಾಗದಲ್ಲಿದ್ದರೆ, ‘ಹಿತ್ತಿಲು’ ಚೆನ್ನಾಗಿ ಒಪ್ಪುತ್ತದೆ.

ಇನ್ನು ಹೆಸರುಗಳ ವಿಚಾರ. ‘ಓಲ್ಡ್ ನ್ಯಾಗ್ಸ್ ಹೆಡ್’ ಎಂದರೆ ಮುದಿ ಕುದುರೆಯ ತಲೆ. ಎರಡನೆಯ ರಿಚರ್ಡ್ ದೊರೆಯ ಕಾಲದಲ್ಲಿ, 1393ರಲ್ಲಿ, ಏಲ್ ಎಂಬ, ಬಿಯರಿನಂಥ ಮದ್ಯವನ್ನು ಮಾರುವವರು ಮನೆಯ ಮುಂದೆ ಗುರುತು ತೂಗುಹಾಕಬೇಕೆಂಬ ಕಟ್ಟಳೆ ಬಂದಿತ್ತು. ಓದು ಬಾರದವರಿಗೂ ಗುರುತು ಸಿಗುವಂಥ ಚಿತ್ರಗಳಿಂದ ಇಂಥ ಎಷ್ಟೋ ಹೆಸರುಗಳು ಹುಟ್ಟಿದವು. ಹೆಸರನ್ನು ಹಾಗೆಯೇ ಉಳಿಸಿಕೊಂಡರೆ ಆ ಚಿತ್ರ ಕನ್ನಡದ ಓದುಗರಿಗೆ ಕಾಣುವುದಿಲ್ಲ. ಅನುವಾದಿಸಿದರೆ, ಲೇಖನವನ್ನೋದಿ ಅಲ್ಲಿಗೆ ಹೋದವರಿಗೆ ಪಬ್ಬೇ ಸಿಗುವುದಿಲ್ಲ. ಮೊದಲ ಸಲ ಅರ್ಥವನ್ನು ತಿಳಿಸಿ, ಮುಂದೆ ಮೂಲ ಹೆಸರನ್ನೇ ಬಳಸಬಹುದೇ? ‘ಊರಪಬ್ಬು’ ಮತ್ತು ‘ಕಟ್ಟೆ’ಗಳ ಬಗೆಗೂ, ನಿಮ್ಮ ನಿಮ್ಮ ಸೀಮೆಯಲ್ಲಿ ಬಳಕೆಯಲ್ಲಿರುವ ಬೇರೆ ಪದಗಳಿದ್ದರೆ ಅವುಗಳ ಬಗೆಗೂ ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.